ಕಲಬುರಗಿಯ ಕೋಟೆಯೂ ಕೋಟೆಯ ಹೊರಗಣ ಊರೂ

ಕಲಬುರಗಿಯನ್ನು ನೋಡಲು ಬರುವ ಅತಿಥಿಗಳು "ಇಲ್ಲಿ ನೋಡತಕ್ಕದ್ದೇನುಂಟು?" ಎಂದು ಕೇಳುವರು. ಇಲ್ಲಿಯೇ ನೆಲೆಸಬೇಕೆಂದು ಬರುವವರ ಪ್ರಶ್ನೆಗಳು ಬೇರೆ. ನೀರು ಹೇಗೆ, ಮಕ್ಕಳಿಗೆ ಶಾಲೆ ಹೇಗೆ, ವೈಶಾಖದ ಬಿಸಿಲನ್ನು ತಾಳಬಹುದೆ ಎಂಬುವು ಅವರ ಪ್ರಶ್ನೆಗಳು. ಮೊದಲಿನವರಿಗೆ ನಾವು ಕೋಟೆಯನ್ನು ತೋರಿಸುವೆವು. ಎರಡನೆಯವರಿಗೆ ಕೋಟೆಯ ಹೊರಗಣ ಊರನ್ನು ತೋರಿಸಬೇಕಾಗುತ್ತದೆ. ಈ ಎರಡರ ಸಂಬಂಧವನ್ನು ಕುರಿತು ವಾಚಕರೊಡನೆ ಕೆಲವು ಮಾತುಗಳನ್ನಾಡುವುದು ನನ್ನ ಉದ್ದೇಶವಾಗಿದೆ.

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾಹನು ದಿಲ್ಲಿಯ ಅಧೀನತೆಯನ್ನು ಕಿತ್ತೊಗೆದು ಈ ಊರನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅದಕ್ಕೆ ಮೊದಲು ರಾಜಾ ಗುಲಚಂದನೆಂಬವನು ಇಲ್ಲಿ ಕೋಟೆಯನ್ನು ಕಟ್ಟಿಸಿದ್ದನೆಂದು ಐತಿಹ್ಯವುಂಟು. ಪಾರಸೀಕವನ್ನು ಬಲ್ಲವರು ಊರಿನ ಹೆಸರಿನಲ್ಲಿ ಹೂವನ್ನೂ ಎಲೆಯನ್ನೂ ಕಂಡರು. ನಮ್ಮ ಹಿರಿಯರು ಕಲ್ಲನ್ನು ಕಂಡರು. ವೈಶಾಖ ಮಾಸದಲ್ಲಿ ಮಧ್ಯಾಹ್ನದ ವೇಳೆ ಇಲ್ಲಿ ನಡೆದಾಡಿದವರು ಎರಡನೆಯ ಪಕ್ಷವನ್ನೇ ಹಿಡಿಯುವರೆಂಬುದರಲ್ಲಿ ಸಂದೇಹವಿಲ್ಲ.

ಕೋಟೆಯು ಬಯಲಿನಲ್ಲಿರುವುದು. ಸುತ್ತಲೂ ಕಂದಕ, ಎರಡು ಸುತ್ತಿನ ಗೋಡೆ, ಬುರುಜುಗಳು, ಬುರುಜಿನ ಮೇಲೆ ಭಾರಿ ತೋಪುಗಳು. ನಡುವೆ ಬಾಲಾ ಹಿಸಾರ್ ಅಥವಾ ರಣಮಂಡಲವೆಂಬ ದೈತ್ಯಾಕಾರದ ಕಟ್ಟಡ. ಅದರ ಸಮೀಪದ ಜಾಮಿ ಮಸೀದಿಯೇ ಇಲ್ಲಿಯ ಮುಖ್ಯ ವಿಶೇಷವು. ಮಸೀದಿಗಳಿಗೆ ಸಾಮಾನ್ಯವಾಗಿ ತೆರೆದ ಅಂಗಳವಿರುತ್ತದೆ, ಇದಕ್ಕೆ ಅದಿಲ್ಲ. 216 ಅಡಿ ಉದ್ದ, 176 ಅಡಿ ಅಗಲದ ನೆಲವೆಲ್ಲವೂ ಗುಮ್ಮಟಗಳ ಕೆಳಗೆ ಅಡಗಿದೆ. ಬೆಳಕು ಪಕ್ಕದ ಕಮಾನುಗಳ ಮೂಲಕ ಒಳಗೆ ಬರುವುದು. ಶಾಸನದಲ್ಲಿರುವ ವರ್ಷವು 1367ಕ್ಕೆ ಸರಿಹೋಗುತ್ತದೆ. ಕಟ್ಟಡವು ಅದಕ್ಕಿಂತ ಈಚಿನದೆಂದು ಎಣಿಸುವ ವಿದ್ವಾಂಸರೂ ಇರುವರು. ಸ್ಪೇನ್ ದೇಶದ ಕಾರ್ಡೋವಾದ ಮಸೀದಿಗೆ ಇದನ್ನು ಹೋಲಿಸುವುದು ರೂಢಿ. ಹೋಲಿಸಲಿ, ಆದರೆ ಒಳಗೆ ನಿಂತವನಿಗೆ ಕಾರ್ಡೋವಾ ನೆನಪಾಗುವುದಿಲ್ಲ, ನೆರಳಿನ ಸುಖವೇ ತಿಳಿಯುವುದು. ಈ ಊರಿನ ಬಿಸಿಲನ್ನು ಬಲ್ಲವನೇ ಇದನ್ನು ಕಟ್ಟಿರಬೇಕು.

ಒಮ್ಮೆ ನನ್ನ ಶಾಲೆಯ ಬಾಲಕರನ್ನು ಇಲ್ಲಿಗೆ ಕರೆತಂದು, ಹಗ್ಗದಿಂದ ಮಸೀದಿಯ ಉದ್ದಗಲಗಳನ್ನು ಅಳೆಯಿರೆಂದು ಹೇಳಿದ್ದೆನು. ಎಲ್ಲರೂ ಉತ್ಸಾಹದಿಂದ ಓಡಾಡುತ್ತಿರಲು ಒಬ್ಬನು ಮಾತ್ರ ದೂರ ನಿಂತಿದ್ದನು. ಕಾರಣ ಕೇಳಲು, "ನಮ್ಮ ಮನೆ ಇಲ್ಲಿಯೇ ಇದೆ, ಗುರುಗಳೇ" ಎಂದನು. ಕೋಟೆಯೊಳಗೆ ತಲೆಮಾರುಗಳಿಂದ ಬಾಳಿಕೊಂಡು ಬಂದ ಕುಟುಂಬಗಳಲ್ಲಿ ಅವನದೂ ಒಂದು.

ಇಷ್ಟು ಬಲವಾದ ಕೋಟೆಯಿದ್ದರೂ ರಾಜಧಾನಿಯು ಇಲ್ಲಿ ಎಂಬತ್ತು ವರ್ಷಗಳಿಗೆ ಮೀರಿ ನಿಲ್ಲಲಿಲ್ಲ. ಅಹಮದ್ ಶಾಹನ ಕಾಲದಲ್ಲಿ (1422–1436) ಅದು ಬೀದರಿಗೆ ಹೋಯಿತು. ದುರ್ಗಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆಂದು ಮನುವು ಹೇಳಿರುವನು. ಬೀದರಿಗೆ ಎತ್ತರವೂ ತಂಪಾದ ಹವೆಯೂ ಇದ್ದುವು. ಅರಸರು ಹೋದ ಬಳಿಕ ಎಷ್ಟೋ ರಾಜಧಾನಿಗಳು ಹಾಳೂರುಗಳಾಗಿರುವುವು. ಭೀಮೆಯ ದಡದಲ್ಲಿ ಫಿರೋಜ್ ಶಾಹನು ಕಟ್ಟಿಸಿದ ಫಿರೋಜಾಬಾದಿನಲ್ಲಿ ಇಂದು ಮುರಿದ ಗೋಡೆಗಳೇ ಉಳಿದಿವೆ. ಕಲಬುರಗಿಗೆ ಆ ಗತಿಯು ಏಕೆ ಬರಲಿಲ್ಲ?

ಉತ್ತರವು ಕೋಟೆಯ ಹೊರಗಿದೆ. 1400ರ ಸುಮಾರಿಗೆ ದಿಲ್ಲಿಯಿಂದ ಬಂದ ಖ್ವಾಜಾ ಬಂದೇನವಾಜರು ಮೊದಲು ಕೋಟೆಯ ಸಮೀಪದಲ್ಲಿಯೇ ಇದ್ದರೆಂದೂ, ಅವರಲ್ಲಿಗೆ ಬರುವ ಜನಸಂದಣಿಯು ಸುಲ್ತಾನನಿಗೆ ಸಹ್ಯವಾಗದೆ ಅವರು ದೂರಕ್ಕೆ ಸರಿಯಬೇಕಾಯಿತೆಂದೂ ಹೇಳುವರು. ಅವರು ಸರಿದರು, ಜನರೂ ಅವರ ಹಿಂದೆಯೇ ಸರಿದರು. 1422ರಲ್ಲಿ ಅವರು ತೀರಿಕೊಂಡರು. ಉರುಸಿಗೆ ಇಂದಿಗೂ ಎಲ್ಲ ಮತದವರೂ ಸೇರುವರು. ಸುಮಾರು ನಾಲ್ಕು ಶತಮಾನಗಳ ತರುವಾಯ, ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಇಲ್ಲಿ ದಾಸೋಹವನ್ನು ನಡೆಯಿಸಿದರು. ಹಸಿದು ಬಂದವನ ಜಾತಿಯನ್ನು ಕೇಳದೆ ಅನ್ನವಿಕ್ಕಿದ ಮನೆಯ ಸುತ್ತ ಊರು ಬೆಳೆಯದೆ ಇದ್ದೀತೆ? ಹೋಳಿಹುಣ್ಣಿಮೆಯಾದ ಐದನೆಯ ದಿನ ಅವರ ತೇರನ್ನೆಳೆಯಲು ನೆರೆಯುವ ಜನಸ್ತೋಮವನ್ನು ಯಾವ ಕೋಟೆಯೂ ಹಿಡಿಸಲಾರದು.

ಮುಂದಿನ ಸಂಗತಿಗಳು ವಾಚಕರಿಗೆ ತಿಳಿದವೇ. ಮುಂಬಯಿ–ಮದರಾಸು ರೈಲುಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ದಾರಿಯಲ್ಲಿದ್ದ ನಮ್ಮೂರಿಗೆ ನಿಲ್ದಾಣವೂ, ಬಳಿಕ ನೂಲಿನ ಗಿರಣಿಯೂ ಬಂದುವು. ಗಿರಣಿಯು ಈಗ ಮುಚ್ಚಿಹೋಗಿದೆ. ನಿಜಾಮರ ಸಂಸ್ಥಾನದಲ್ಲಿ ಉರ್ದುವೇ ಶಿಕ್ಷಣದ ಭಾಷೆಯಾಗಿದ್ದ ದಿನಗಳಲ್ಲಿ, 1907ರಲ್ಲಿ, ನೂತನ ವಿದ್ಯಾಲಯವು ಹುಟ್ಟಿತು. ನನ್ನಂಥ ಉಪಾಧ್ಯಾಯನಿಗೆ ಊರಿನ ಎಲ್ಲ ಬುರುಜುಗಳಿಗಿಂತ ಇದೇ ಹೆಚ್ಚಿನದಾಗಿ ತೋರುವುದು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ 1980ರಲ್ಲಿ ವಿಶ್ವವಿದ್ಯಾಲಯವೂ ಸ್ಥಾಪಿತವಾದುವು. 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಬಂದಿತು. 2019ರಲ್ಲಿ ವಿಮಾನನಿಲ್ದಾಣವೂ ತೆರೆಯಿತು. 1901ರಲ್ಲಿ ಮೂವತ್ತು ಸಾವಿರವನ್ನು ಮುಟ್ಟದಿದ್ದ ಜನಸಂಖ್ಯೆಯು 2011ರ ಗಣತಿಯಲ್ಲಿ ಐದು ಲಕ್ಷವನ್ನು ದಾಟಿತು.

ಇಷ್ಟು ಜನರಿಗೆ ನೀರೆಲ್ಲಿಂದ? ಭೀಮೆಯಿಂದಲೂ ಬೆಣ್ಣೆತೊರೆಯಿಂದಲೂ ತರಬೇಕು. ಕಮಲಾಪುರದ ದಾರಿಯಿಂದ ಬರುವ ಕೆಂಪು ಬಾಳೆಯ ಹಣ್ಣು ಪೇಟೆಯಲ್ಲಿ ಎಂದೂ ಸಿಕ್ಕೀತು; ನಲ್ಲಿಯ ನೀರಿಗೆ ಬೇಸಗೆಯಲ್ಲಿ ದಿನಗಳನ್ನೆಣಿಸಬೇಕಾಗುವುದು. ಹೀಗಿದ್ದೂ ಕೆಲಸ ಮುಗಿಸಿ ಊರಿಗೆ ಮರಳುವೆನೆಂದು ಬಂದ ಎಷ್ಟೋ ನೌಕರರು ಇಲ್ಲಿಯೇ ಮನೆ ಕಟ್ಟಿಕೊಂಡಿರುವರು. ಸಾಯಂಕಾಲ ಅಪ್ಪನ ಕೆರೆಯ ದಡದಲ್ಲಿ ಅವರೊಡನೆ ಕುಳಿತರೆ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುವುವು.

ಇನ್ನು ಕೋಟೆಯ ಮಾತು. ದಖನ್ ಸುಲ್ತಾನರ ಸ್ಮಾರಕಗಳೊಡನೆ ಇದೂ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಕಂದಕದಲ್ಲಿ ಮಾತ್ರ ಮುಳ್ಳುಗಿಡಗಳೂ ಕಸವೂ ತುಂಬುತ್ತ ಬಂದಿವೆ. ಒಳಗಿನ ಮನೆಗಳನ್ನು ತೆರವು ಮಾಡಿಸುವ ಪ್ರಶ್ನೆಯು ನ್ಯಾಯಾಲಯದವರೆಗೆ ಹೋಯಿತು. ಸ್ಮಾರಕವು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮನಸ್ಸಿಲ್ಲ. ಹೋದ ವರ್ಷ ಆ ನನ್ನ ಶಿಷ್ಯನು ಪೇಟೆಯಲ್ಲಿ ಭೇಟಿಯಾದನು. ಈಗ ಅವನಿಗೂ ಶಾಲೆಗೆ ಹೋಗುವ ಮಕ್ಕಳಿರುವರು. ಕೋಟೆಯ ಮಹತ್ವವನ್ನು ಕುರಿತು ನಾನು ಹೇಳಿದುದೆಲ್ಲವನ್ನೂ ವಿನಯದಿಂದ ಕೇಳಿ, "ಬಿಡೆಂದರೆ ಬಿಡುವೆವು, ಗುರುಗಳೇ, ಹೋದ ಕಡೆ ನಲ್ಲಿ ಇದ್ದೀತೆ? ಹತ್ತಿರ ಶಾಲೆ ಇದ್ದೀತೆ?" ಎಂದನು. ಅಂದು ಹಗ್ಗ ಹಿಡಿದು ಅಳೆಯಲೊಲ್ಲದೆ ನಿಂತ ಬಾಲಕನ ಮುಖವೇ ಅದು. ವಿಚಾರಿಸಿ ಹೇಳುವೆನೆಂದು ಮಾತು ಕೊಟ್ಟು ಬಂದೆನು.