ಧನುರ್ಮಾಸಕ್ಕೆ ಮುಂಚೆ ಒಣಗಬೇಕು

2024ರ ಡಿಸೆಂಬರ್ 2, ಸೋಮವಾರ. ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿ ಎರಡು ದಿನ ಆಗಿತ್ತು. ಬೆಂಗಳೂರಲ್ಲಿ ಜಿಟಿಜಿಟಿ ಮಳೆ. ಜೆ.ಪಿ. ನಗರದಲ್ಲಿ ಕಟ್ಟುತ್ತಿದ್ದ ನಮ್ಮ ಮನೆಯ ಹಾಲ್‌ನಲ್ಲಿ ಪೇಂಟರ್ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡೋರ ಥರ. "ಮೇಡಂ, ಇನ್ನೂ ಹಸಿ ಇದೆ. ಈಗ ಹೊಡೆದ್ರೆ ಆಮೇಲೆ ಏಳುತ್ತೆ" ಅಂದರು. ಗೃಹಪ್ರವೇಶಕ್ಕೆ ಹತ್ತು ದಿನ ಬಾಕಿ. ಕಾರ್ಡ್ ಹಂಚಿ ಆಗಿತ್ತು, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಅಪ್ಪ "ಫ್ಯಾನ್ ಇಟ್ಟು ಒಣಗಿಸಿಬಿಡಪ್ಪ" ಅಂದರು. ಮೂರು ಟೇಬಲ್ ಫ್ಯಾನು, ಎರಡು ಹ್ಯಾಲೊಜೆನ್ ಲೈಟು ಬಂದವು. ಪೇಂಟರ್ ಮತ್ತು ಅವರ ಜೊತೆಗಿದ್ದ ಇಬ್ಬರು ಹುಡುಗರು ಅವತ್ತಿನಿಂದ ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿದರು.

ಯಾಕಿಷ್ಟು ಅವಸರ ಅಂತ ನಾನೂ ಕೇಳಿದ್ದೆ. ಉತ್ತರ ಪಂಚಾಂಗದಲ್ಲಿತ್ತು. ಚಾತುರ್ಮಾಸ ಮುಗಿದು ಉತ್ಥಾನ ದ್ವಾದಶಿಯ ತುಳಸಿ ಪೂಜೆ ಆದ ಮೇಲೆ ಒಳ್ಳೆಯ ಮುಹೂರ್ತಗಳು ಶುರು ಅನ್ನೋದು ಎಷ್ಟೋ ಮನೆಗಳ ಲೆಕ್ಕ. ಡಿಸೆಂಬರ್ 15-16ರ ಹೊತ್ತಿಗೆ ಸೂರ್ಯ ಧನು ರಾಶಿಗೆ ಬರುತ್ತಾನೆ, ಧನುರ್ಮಾಸ, ಶುಭಕಾರ್ಯ ಬಂದ್. ಸಂಕ್ರಾಂತಿಗೆ ಅದು ಮುಗಿದರೂ ಪುಷ್ಯ ಮಾಸ ಬೇಡ ಅನ್ನುವವರು ಮಾಘದವರೆಗೆ ಕಾಯಬೇಕು. ಅಂದರೆ ಚಳಿಗಾಲದಲ್ಲಿ ಸಿಗೋದು ಒಂದು ಸಣ್ಣ ಕಿಟಕಿ. 2024ರಲ್ಲಿ ನವೆಂಬರ್ 13ರಿಂದ ಹೆಚ್ಚು ಕಡಿಮೆ 32 ದಿನ ಸಿಕ್ಕಿತ್ತು. ಅದರ ಹಿಂದಿನ ವರ್ಷ ಅಧಿಕ ಶ್ರಾವಣ ಬಂದು ಎಲ್ಲ ಮುಂದಕ್ಕೆ ಹೋಗಿ, ನವೆಂಬರ್ 24ರಿಂದ ಎಣಿಸಿದರೆ ಬರೀ 22 ದಿನ. ಇಡೀ ದಕ್ಷಿಣ ಬೆಂಗಳೂರಿನ ಹೊಸ ಮನೆಗಳೆಲ್ಲ ಈ ಕಿಟಕಿಯಲ್ಲೇ ತೂರಿಕೊಳ್ಳಬೇಕು. ಇದರ ಮೇಲೆ ಬ್ಯಾಂಕಿನ ಇಎಂಐ, ಬಾಡಿಗೆ ಮನೆಯ ಓನರ್‌ಗೆ ಕೊಟ್ಟ ನೋಟಿಸ್. ಪಂಚಾಂಗವನ್ನು ನಂಬದ ನನ್ನ ಕಲೀಗ್ ಕೂಡ ಇದೇ ವಾರಗಳಲ್ಲಿ ಮನೆ ಹೊಕ್ಕ. ಎರಡೆರಡು ಕಡೆ ದುಡ್ಡು ಕಟ್ಟೋಕೆ ಯಾರಿಗೆ ತಾನೇ ಇಷ್ಟ?

ತಮಾಷೆ ಏನಂದ್ರೆ, ಈ ಕಿಟಕಿ ಹಿಂಗಾರಿನ ಬೆನ್ನಿಗೇ ಬರುತ್ತೆ. ಬೆಂಗಳೂರಲ್ಲಿ ಅಕ್ಟೋಬರ್ ಅಂದ್ರೆ ಸರಾಸರಿ 150 ಮಿಲಿಮೀಟರ್ ದಾಟುವ ಮಳೆ. ಡಿಸೆಂಬರ್ ಸರಾಸರಿ 20ರೊಳಗೆ, ಆದರೆ ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದರೆ ಆ ಸರಾಸರಿಗೆ ಅರ್ಥ ಇಲ್ಲ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಬಂದಾಗಲೂ ಹೀಗೇ ಆಗಿತ್ತು, ದಿನಗಟ್ಟಲೆ ಸೂರ್ಯ ಕಾಣಲಿಲ್ಲ. ಗೋಡೆ ಕಟ್ಟೋರಿಗೆ, ಬಣ್ಣ ಹೊಡೆಯೋರಿಗೆ ನಮ್ಮೂರಿನ ಚಳಿಗಾಲದ ಸಮಸ್ಯೆ ಚಳಿಗಿಂತ ಹೆಚ್ಚಾಗಿ ತೇವ. ಕಾಂಕ್ರೀಟಿನ ಭಾರತೀಯ ಮಾನಕದ ಪ್ರಕಾರ "ಚಳಿ ಹವೆ" ಅಂದ್ರೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಕಾಗದದ ಮೇಲೆ ನಮಗೆ ಚಳಿಗಾಲವೇ ಇಲ್ಲ. ಬೆಳಗ್ಗೆ ಆರು ಗಂಟೆಗೆ ತಣ್ಣೀರು ಪೈಪ್ ಹಿಡಿದು ಗೋಡೆಗೆ ನೀರು ಹೊಡೆಯೋರನ್ನು ಮಾತ್ರ ಆ ಮಾತು ಕೇಳಬೇಡಿ.

ನಮ್ಮಜ್ಜಿಯ ತವರು ಬಸವನಗುಡಿ. ಅವರಿಗೆ ನನ್ನ ಫ್ಯಾನಿನ ಕಥೆ ಹೇಳಿದಾಗ ನಕ್ಕರು. "ನಮ್ಮ ಕಾಲದಲ್ಲಿ ಗೋಡೆ ಒಣಗಿದ್ಮೇಲೆ ಮುಹೂರ್ತ ಇಡ್ತಿದ್ರು ಕಣೆ." ಪೂರ್ತಿ ನಿಜ ಇರಲಿಕ್ಕಿಲ್ಲ, ಅಜ್ಜಿಯರ ಕಾಲದಲ್ಲಿ ಎಲ್ಲವೂ ಸರಿಯಾಗೇ ನಡೀತಿತ್ತು. ಆದರೆ ಸುಣ್ಣದ ವಿಷಯದಲ್ಲಿ ಅವರ ಮಾತಿಗೆ ತೂಕ ಇದೆ. 1898ರ ಪ್ಲೇಗ್ ಆದ ಮೇಲೆ ಪೇಟೆ ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರದಲ್ಲಿ ಕಟ್ಟಿದ ಮನೆಗಳು ಸುಣ್ಣದ ಗಾರೆಯವು. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ದುಂಡನೆಯ ಕಲ್ಲಿನ ದೋಣಿಯಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದರು. ಸುಣ್ಣ ಗಟ್ಟಿಯಾಗೋದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ವಾರಗಟ್ಟಲೆ, ತಿಂಗಳುಗಟ್ಟಲೆ. ಅವಸರ ಮಾಡಿದರೆ ಪುಡಿಪುಡಿ.

ಮದ್ರಾಸ್ ತಾರಸಿ ಅಂತೂ ಇನ್ನೂ ನಿಧಾನ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಡ್ಡಲಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಬೆರೆತ ಸುಣ್ಣದ ಗಚ್ಚು ಹರಡಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಬಡಿಯೋದು. ಕೊಡತಿ ಗಚ್ಚಿನೊಳಗೆ ಇಳಿಯದೆ ಪುಟಿದು ವಾಪಸ್ ಬಂದರೆ ಕೆಲಸ ಮುಗೀತು ಅಂತ. ಆ ಕೆಲಸ ಮಧ್ಯದಲ್ಲಿದ್ದಾಗ ಜೋರು ಮಳೆ ಬಂದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಇವತ್ತಿಗೂ ನಾವು ಮೇಸ್ತ್ರಿಯ ಕೆಲಸಕ್ಕೆ "ಗಾರೆ ಕೆಲಸ" ಅಂತೀವಿ, ಗಾರೆ ಅರೆಯೋ ಕಲ್ಲು ನೋಡದೆ ಎರಡು ತಲೆಮಾರು ಕಳೆದರೂ.

ಸುಣ್ಣಬಣ್ಣಕ್ಕೂ ಅದೇ ತಾಳ್ಮೆ. ದಸರಾ, ದೀಪಾವಳಿಗೆ ಮುಂಚೆ ಸುಣ್ಣ ಬಳಿಯೋರು ಮನೆಯಿಂದ ಮನೆಗೆ ಓಡುತ್ತಿದ್ದರು. ಬಳಿದ ಸಂಜೆ ಗೋಡೆ ಮಂಕಾಗಿ, ಏನೂ ಹೊಡೆದೇ ಇಲ್ಲವೇನೋ ಅನ್ನೋ ಹಾಗೆ ಇರುತ್ತೆ. ಬೆಳಗ್ಗೆ ಎದ್ದು ನೋಡಿದರೆ ಬೆಳ್ಳಗೆ. ಅಜ್ಜಿ ಹೇಳೋ ಪ್ರಕಾರ, ಮೋಡದ ದಿನ ಬಳಿದು ಸಂಜೆಗೇ ಕೂಲಿ ಕೇಳಿದವನ ಜೊತೆ ಅವರಪ್ಪ ಜಗಳವಾಡಿ, ಮಾರನೇ ದಿನ ಗೋಡೆ ನೋಡಿ ತಾವೇ ಹೋಗಿ ಕೊಟ್ಟು ಬಂದರಂತೆ.

ಜಯನಗರ ಶುರುವಾಗಿದ್ದು ಬೇರೆ ಕಾಲದಲ್ಲಿ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ಬಡಾವಣೆಗೆ ಅಡಿಗಲ್ಲು ಬಿತ್ತು. ಸುಣ್ಣ ಹಿಂದೆ ಸರಿದು ಸಿಮೆಂಟು ಮುಂದೆ ಬಂದ ದಶಕಗಳು ಅವು. ಸಿಮೆಂಟಿನ ಲೆಕ್ಕ ದಿನಗಳದ್ದು. ಏಳು ದಿನವಾದರೂ ನೀರು ಉಣಿಸಬೇಕು, ಅದರ ಬಲವನ್ನು 28ನೇ ದಿನ ಅಳೆಯುತ್ತಾರೆ. ತಿಂಗಳುಗಟ್ಟಲೆ ಕಾಯೋದು ಹೋಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದಾದ ಡೆಡ್‌ಲೈನ್ ಬಂತು. ಆದರೆ ಆಗ ಸಿಮೆಂಟ್ ಸಿಗೋದೇ ಕಷ್ಟ, ಸರ್ಕಾರದ ನಿಯಂತ್ರಣದಲ್ಲಿತ್ತು, ಪರ್ಮಿಟ್ ಬೇಕಿತ್ತು. 1982ರಲ್ಲಿ ಅರ್ಧ ಸಡಿಲವಾಗಿ, 1989ರಲ್ಲಿ ಪೂರ್ತಿ ಮುಕ್ತವಾಯಿತು. ನಮ್ಮ ತಾತ ಜಯನಗರದ ಮನೆ ಕಟ್ಟಿದ್ದು ಪರ್ಮಿಟ್ ಕಾಲದಲ್ಲಿ. ಮೂಟೆ ಬಂದಾಗ ಕೆಲಸ, ಬರದಿದ್ದಾಗ ರಜೆ. ಹಾಗಾಗಿ ಮುಹೂರ್ತಕ್ಕೆ ಸರಿಯಾಗಿ ಗೋಡೆ ಒಣಗಿತ್ತು ಅನ್ನೋದರ ಶ್ರೇಯಸ್ಸು ಅವರ ತಾಳ್ಮೆಗಿಂತ ಸರ್ಕಾರಿ ಆಫೀಸಿಗೇ ಹೆಚ್ಚು ಸಲ್ಲಬೇಕು!

ಆ ಮನೆಯ ನೆಲ ರೆಡ್ ಆಕ್ಸೈಡ್. ನಿಮ್ಮಲ್ಲಿ ಎಷ್ಟೋ ಜನ ಇಂಥ ನೆಲದ ಮೇಲೆ ಹೊಟ್ಟೆ ಮೇಲಾಗಿ ಮಲಗಿ ಬೇಸಿಗೆ ರಜೆ ಕಳೆದಿರ್ತೀರಿ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಒಂದು ರೂಮನ್ನು ಒಂದೇ ಬೀಸಿಗೆ ಮುಗಿಸಬೇಕು. ಮಧ್ಯೆ ನಿಲ್ಲಿಸಿದರೆ ಜೋಡಣೆಯ ಗೆರೆ ಜೀವನಪೂರ್ತಿ ಕಾಣುತ್ತೆ. ಮೇಸ್ತ್ರಿ ಮಂಡಿಯೂರಿ ಹಿಂದಕ್ಕೆ ಸರಿಯುತ್ತಾ ಕರಣೆಯಲ್ಲಿ ತೀಡುತ್ತಾ ಬಾಗಿಲ ಕಡೆ ಬರಬೇಕು. ಆಮೇಲೆ ಸುತ್ತ ಸಣ್ಣ ಕಟ್ಟೆ ಕಟ್ಟಿ ವಾರ, ಹತ್ತು ದಿನ ನೀರು ನಿಲ್ಲಿಸೋದು. ಅಷ್ಟು ದಿನ ಆ ರೂಮಿನಲ್ಲಿ ಬೇರೆ ಯಾರೂ ಕೆಲಸ ಮಾಡುವಂತಿಲ್ಲ. ಈಗ ರೆಡ್ ಆಕ್ಸೈಡ್ ಮತ್ತೆ ಫ್ಯಾಷನ್ ಆಗಿದೆ. ನಾನೂ ವಿಚಾರಿಸಿದೆ. ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು, "ಗೃಹಪ್ರವೇಶ ಯಾವಾಗ?" ಡೇಟ್ ಹೇಳಿದೆ. "ಟೈಲ್ಸ್ ಹಾಕಿಸ್ಕೊಳ್ಳಿ ಮೇಡಂ" ಅಂದರು.

ತಾತನ ಮನೆಯ ಮೇಸ್ತ್ರಿ ಧರ್ಮಪುರಿ ಕಡೆಯವರು, ತಮಿಳರು. ಆಗಿನ ದಕ್ಷಿಣ ಬೆಂಗಳೂರಿನ ಗಾರೆ ಕೆಲಸದಲ್ಲಿ ಧರ್ಮಪುರಿ, ಸೇಲಂ ಕಡೆಯವರು ತುಂಬಾ ಜನ. ಅವರ ದೊಡ್ಡ ಹಬ್ಬ ಪೊಂಗಲ್, ಜನವರಿ ಮಧ್ಯದಲ್ಲಿ. ಈಗ ಲೆಕ್ಕ ನೋಡಿ. ನಮ್ಮ ಗೃಹಪ್ರವೇಶದ ಕಿಟಕಿ ಡಿಸೆಂಬರ್ ಮಧ್ಯಕ್ಕೆ ಮುಚ್ಚುತ್ತೆ, ಅವರ ಹಬ್ಬ ಅದಾಗಿ ಒಂದು ತಿಂಗಳಿಗೆ. ಧನುರ್ಮಾಸ ಅವರಿಗೂ ಮಾರ್ಗಳಿ. ಕೆಲಸ ಮುಗಿಸಿ, ಗೃಹಪ್ರವೇಶದ ದಿನ ಪಂಚೆ, ಶಲ್ಯ, ತಾಂಬೂಲ ತಗೊಂಡು, ಬಾಕಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ರಾತ್ರಿ ಬಸ್ ಹತ್ತಿದರೆ ಊರಲ್ಲಿ ಪೊಂಗಲ್ ಮಡಕೆಗೆ ದುಡ್ಡು ಇರ್ತಿತ್ತು. ಕಟ್ಟಿಸೋರ ಪಂಚಾಂಗ, ಕಟ್ಟೋರ ಪಂಚಾಂಗ ಎರಡೂ ಹೊಂದಿಕೊಂಡಿದ್ದವು. ಯಾರೂ ಕೂತು ಪ್ಲಾನ್ ಮಾಡಿದ್ದಲ್ಲ. ಇಬ್ಬರೂ ಸೂರ್ಯನನ್ನೇ ನೋಡಿ ಹಬ್ಬ ಮಾಡ್ತಿದ್ದರು, ಅಷ್ಟೇ.

ಈಗ ಹಾಗಿಲ್ಲ. ನಮ್ಮ ಮನೆಗೆ ಕಾಂಕ್ರೀಟ್ ಹಾಕಿದವರು ಯಾದಗಿರಿ, ರಾಯಚೂರಿನವರು, ಟೈಲ್ಸ್‌ನವರು ರಾಜಸ್ಥಾನದವರು, ಪೇಂಟರ್ ಬಿಹಾರದವರು. ಬಿಹಾರದವರ ದೊಡ್ಡ ಹಬ್ಬ ಛಠ್, ದೀಪಾವಳಿ ಆಗಿ ಆರನೇ ದಿನ. ಕಾರ್ತೀಕ ಶುದ್ಧ ಷಷ್ಠಿಗೆ ಅವರು ಊರಲ್ಲಿ ನದಿಯಲ್ಲೋ ಕೆರೆಯಲ್ಲೋ ಸೊಂಟದವರೆಗೆ ನೀರಲ್ಲಿ ನಿಂತು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡಬೇಕು. ಅದಾಗಿ ಆರೇ ದಿನಕ್ಕೆ ಇಲ್ಲಿ ನಮ್ಮ ಉತ್ಥಾನ ದ್ವಾದಶಿ, ಕಿಟಕಿ ತೆರೆಯೋ ದಿನ. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಂದ ದಾನಾಪುರಕ್ಕೆ ಎರಡು ದಿನ ಹಿಡಿಯುತ್ತೆ, ಬರೋಕೆ ಇನ್ನೆರಡು ದಿನ, ರಿಸರ್ವೇಶನ್ ಸಿಕ್ಕರೆ. 2024ರಲ್ಲಿ ಛಠ್ ನವೆಂಬರ್ 7ಕ್ಕೆ. ಅಕ್ಟೋಬರ್ ಪೂರ್ತಿ ಮಳೆ ಅಂತ ಗಿಲಾವು ಮುಂದಕ್ಕೆ ಹೋಗಿತ್ತು. ಗೋಡೆ ರೆಡಿಯಾಗೋ ಹೊತ್ತಿಗೆ ಹೊಡೆಯೋರು ಊರಲ್ಲಿ. ಹಿಂಗಾರು ಇವರ ಹಬ್ಬವನ್ನೂ ನಮ್ಮ ಮುಹೂರ್ತವನ್ನೂ ತಂದು ಒಂದರ ಮೇಲೊಂದು ಕೂರಿಸಿಬಿಟ್ಟಿದೆ. ನಮ್ಮ ಪೇಂಟರ್ ಆ ಸಲ ಹೋಗಲಿಲ್ಲ. ಕಂಟ್ರಾಕ್ಟರ್ "ಹೋದ್ರೆ ಬೇರೆಯವರನ್ನ ಕರೀತೀನಿ" ಅಂದಿದ್ದರಂತೆ. ಇದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಮಧ್ಯದ ಬದಲಾವಣೆಗಳನ್ನೆಲ್ಲ ಒಂದೇ ಉಸಿರಲ್ಲಿ ಹೇಳಿಬಿಡಬಹುದು: ಸುಣ್ಣದಿಂದ ಡಿಸ್ಟೆಂಪರ್, ಡಿಸ್ಟೆಂಪರ್‌ನಿಂದ ಎಮಲ್ಷನ್, ಅದರಡಿಗೆ ಪುಟ್ಟಿ, ಈಗ ನೀರೇ ಉಣಿಸಬೇಕಿಲ್ಲದ ಜಿಪ್ಸಮ್ ಪ್ಲಾಸ್ಟರ್. ಪ್ರತಿಯೊಂದೂ ಒಂದಷ್ಟು ದಿನ ಉಳಿಸಿತು. ಉಳಿದ ದಿನಗಳು ಕೆಲಸದವರಿಗೆ ಸಿಗಲಿಲ್ಲ, ಅಷ್ಟು ದಿನ ತಡವಾಗಿ ಶುರು ಮಾಡೋ ಧೈರ್ಯ ನಮಗೆ ಬಂತು. ಸುಣ್ಣದ ಗೋಡೆ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಹೋಗೋಕೆ ದಾರಿ ಇರುತ್ತೆ. ಹಸಿ ಗೋಡೆ ಮೇಲೆ ಎಮಲ್ಷನ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಬಿಳಿ ಉಪ್ಪು ಹೊಮ್ಮುತ್ತೆ, ಬಣ್ಣ ಹಪ್ಪಳದ ಹಾಗೆ ಏಳುತ್ತೆ. ಬೈಗುಳ ಪೇಂಟರ್‌ಗೆ.

ರಾತ್ರಿ ಕೆಲಸಕ್ಕೆ ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದು 2025ರವರೆಗೆ ಜಾರಿಯಲ್ಲಿದ್ದ ಕೇಂದ್ರ ಕಾಯ್ದೆ ಹೆಚ್ಚುವರಿ ಅವಧಿಗೆ ಎರಡು ಪಟ್ಟು ಕೂಲಿ ಕೊಡಬೇಕು ಅನ್ನುತ್ತಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ಹತ್ತು ಅಥವಾ ಹೆಚ್ಚು ಕೆಲಸಗಾರರಿರೋ ಕಡೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕಡೇ ಹತ್ತು ದಿನ ಫ್ಯಾನ್ ಮುಂದೆ ರೋಲರ್ ಹಿಡಿದ ಮೂವರು ತಮ್ಮ ಗಂಟೆಗಳ ಲೆಕ್ಕವನ್ನು ಯಾರ ಮುಂದೆ ಇಡಬೇಕು? ನಮ್ಮ ಕಂಟ್ರಾಕ್ಟ್ ಚದರಡಿ ಲೆಕ್ಕದ್ದು. ಚದರಡಿಗೆ ಹಗಲು ರಾತ್ರಿ ಇಲ್ಲ.

ಇನ್ನೊಂದು ಸಂಸಾರದ ವಿಷಯ ಹೇಳಬೇಕು. ವಾಚ್‌ಮನ್ ಕುಟುಂಬ, ರಾಯಚೂರು ಕಡೆಯವರು. ಹತ್ತು ತಿಂಗಳು ಆ ಮನೆಯಲ್ಲಿದ್ದವರು ಅವರೇ. ಮೊದಲು ಕಾರ್ ಪಾರ್ಕಿಂಗ್ ಆಗಬೇಕಾದ ಜಾಗದಲ್ಲಿ, ತಗಡು ಬಿಚ್ಚಿದ ಮೇಲೆ ಅಡುಗೆಮನೆ ಆಗಬೇಕಾದ ಜಾಗದಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದ್ದರು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಗೋಡೆಗೆ ನೀರು ಹೊಡೆಯೋದು ಆ ಹೆಂಗಸಿನ ಕೆಲಸ. ಸಿಮೆಂಟ್ ತಿಂದು ಬೆರಳ ಸಂದಿಯೆಲ್ಲ ಬಿರುಕು, ಕೊಬ್ಬರಿ ಎಣ್ಣೆ ಹಚ್ಚಿಕೊಂಡಿರುತ್ತಿದ್ದರು. ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಅವರು ಖಾಲಿ ಮಾಡಿ ಬನಶಂಕರಿಯ ಇನ್ನೊಂದು ಸೈಟಿಗೆ ಹೋದರು. ಒಲೆಯ ಮಸಿ ಹತ್ತಿದ್ದ ಗೋಡೆಗೆ ಇನ್ನೊಂದು ಕೋಟ್ ಬೇಕಾಯಿತು.

ಮುಹೂರ್ತದ ದಿನ ಹಸು ಬಂತು, ಹಾಲು ಉಕ್ಕಿತು, ಹೋಮದ ಹೊಗೆ ಹೊಸ ಎಮಲ್ಷನ್ ಮೇಲೆ ಕೂತಿತು. ಪೇಂಟರ್ ಮತ್ತು ಹುಡುಗರು ಊಟಕ್ಕೆ ಬಂದಿದ್ದರು, ಕೊನೆಯ ಪಂಕ್ತಿಯಲ್ಲಿ ಕೂತರು. ಅಪ್ಪ ಶಲ್ಯ ಹೊದಿಸಿದರು. ಬಾಕಿ ಹಣ ಮಾತ್ರ "ಸ್ನ್ಯಾಗ್ ಲಿಸ್ಟ್ ಮುಗಿದ ಮೇಲೆ" ಅಂತ ನಾನೇ ಹಿಡಿದಿಟ್ಟಿದ್ದೆ, ಆಫೀಸಿನ ಅಭ್ಯಾಸ.

ಜೂನ್‌ನಲ್ಲಿ ಹಾಲ್‌ನ ಆ ಗೋಡೆ ಎದ್ದಿತು, ಅವರು ಅಂಗೈ ಒತ್ತಿದ್ದ ಎತ್ತರದಲ್ಲೇ. ಫೋನ್ ಮಾಡಿದೆ. ಬಂದು ನೋಡಿದರು, ನಾನು ಹೇಳಿದ್ದೆನಲ್ಲ ಅಂತ ಅನ್ನಲಿಲ್ಲ. ಪೂರ್ತಿ ಕೆರೆದು, ಒಂದು ತಿಂಗಳು ಹಾಗೇ ಬಿಟ್ಟು, ಆಮೇಲೆ ಹೊಡೆಯಬೇಕು ಅಂದರು. ಹಾಗೇ ಮಾಡಿ ಅಂದೆ. ಹೋಗುವಾಗ ಮೆಟ್ಟಿಲ ಹತ್ತಿರ ನಿಂತು, ಈ ಸಲ ದೀಪಾವಳಿಗೆ ಟಿಕೆಟ್ ಮಾಡಿಸಿದ್ದೀನಿ, ಏನೇ ಕೆಲಸ ಇದ್ದರೂ ಅದಕ್ಕೆ ಮುಂಚೆ ಹೇಳಿಬಿಡಿ ಮೇಡಂ ಅಂದರು.