ಕಾಮಿಕ್ಸ್ ಸ್ಲ್ಯಾಬ್: ಡಬ್ಬಿಯ ಸುತ್ತ ಸಂಗ್ರಾಹಕರ ತಕರಾರು

ಕಾಮಿಕ್ಸ್ ಪುಸ್ತಕವೊಂದನ್ನು ವೃತ್ತಿಪರ ಪರೀಕ್ಷಕರ ಕೈಗೆ ಕೊಟ್ಟು, ಅದರ ಸ್ಥಿತಿಗೆ ಅಂಕ ಹಾಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿಸಿದರೆ ಸಂಗ್ರಾಹಕರು ಅದನ್ನು 'ಸ್ಲ್ಯಾಬ್' ಅನ್ನುತ್ತಾರೆ. ಅಮೆರಿಕದಲ್ಲಿ 2000ರಲ್ಲಿ ಶುರುವಾದ ಈ ಪದ್ಧತಿ ಕಾಲು ಶತಮಾನದಲ್ಲಿ ಹಳೆಯ ಕಾಮಿಕ್ಸ್ ಮಾರುಕಟ್ಟೆಯ ಚಹರೆಯನ್ನೇ ಬದಲಿಸಿತು. ಜೊತೆಗೆ ಜಗಳಗಳನ್ನೂ ತಂದಿತು. ಡಬ್ಬಿಯೊಳಗೆ ಪುಸ್ತಕ ಅಲುಗಾಡಿ ಅಂಚು ಸವೆಯುತ್ತದೆ ಎಂಬ ದೂರು, ಪ್ಲಾಸ್ಟಿಕ್ಕಿನ ಮೇಲೆ ಬಣ್ಣದ ಉಂಗುರ ಮೂಡುತ್ತದೆ ಎಂಬ ಸಿಟ್ಟು, ಯಾರೋ ಡಬ್ಬಿ ಬಿಚ್ಚಿ ಒಳಗಿನ ಪ್ರತಿ ಬದಲಿಸಿದ್ದಾರೆ ಎಂಬ ಆರೋಪ. ಎಲ್ಲದರ ಬುಡ ಕೆದಕಿದರೆ ಸಿಗುವುದು ಒಂದೇ ತಂಟೆ: ಹಣ ಕೊಟ್ಟವನು ಕೊಂಡದ್ದು ಪುಸ್ತಕವನ್ನೋ, ಚೀಟಿಯ ಮೇಲಿನ ಅಂಕವನ್ನೋ?

ಕನ್ನಡ ಓದುಗರಿಗೆ ಇದು ದೂರದ ವಿಷಯವಲ್ಲ. ಭಾರತದ ಅತಿ ಹೆಸರುವಾಸಿ ಚಿತ್ರಕಥಾ ಮಾಲೆ 'ಅಮರ ಚಿತ್ರಕಥೆ' ಮೊದಲು ಹೊರಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ವಹಿವಾಟು ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯತ್ನದಿಂದ 1965ರಲ್ಲಿ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಪುರಾಣದ ಕಥೆಗಳಾಗಿರಲಿಲ್ಲ. ಸಿಂಡರೆಲಾ, ಅಲ್ಲಾದ್ದೀನನಂಥ ಪರದೇಶದ ಮಕ್ಕಳ ಕಥೆಗಳು. ಅವು ಚೆನ್ನಾಗಿ ಖರ್ಚಾದ ಮೇಲೆ ಮುಂಬಯಿಯ ಮುಖ್ಯ ಕಚೇರಿಗೂ ಧೈರ್ಯ ಬಂತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಸಂಪಾದಕರಾಗಿ ಬಂದು, ರಾಮ್ ವಾಯೀರ್ಕರ್ ಚಿತ್ರ ಬರೆದ 'ಕೃಷ್ಣ' ಇಂಗ್ಲಿಷಿನಲ್ಲಿ ಹೊರಬಂದಾಗ ಅದರ ಕ್ರಮಸಂಖ್ಯೆ 11. ಮಾಲೆ ಹನ್ನೊಂದರಿಂದ ಏಕೆ ಶುರುವಾಗುತ್ತದೆ ಎಂದು ತಲೆ ಕೆರೆದುಕೊಳ್ಳುವ ಸಂಗ್ರಾಹಕರಿಗೆ ಉತ್ತರ ಆ ಹತ್ತು ಕನ್ನಡ ಪುಸ್ತಕಗಳಲ್ಲಿದೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ 'ಇಂದ್ರಜಾಲ ಕಾಮಿಕ್ಸ್' ಕೂಡ ಕನ್ನಡದಲ್ಲಿ ಬರುತ್ತಿತ್ತು. 1990ರಲ್ಲಿ ನಿಲ್ಲುವವರೆಗೆ ಆ ಮಾಲೆ 800ಕ್ಕೂ ಹೆಚ್ಚು ಸಂಚಿಕೆ ಕಂಡಿತು.

ಈ ಪುಸ್ತಕಗಳು ಉಳಿಯಬೇಕಾದ ಹವಾಮಾನ ಎಂಥದು ಎಂಬುದಕ್ಕೆ ರಾಯಚೂರು ಒಳ್ಳೆಯ ಉದಾಹರಣೆ. ಕರ್ನಾಟಕದ ಅತಿ ಹೆಚ್ಚಿನ ಉಷ್ಣಾಂಶವೆಂದು ಉಲ್ಲೇಖವಾಗುವ 45.6 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು ಇದೇ ಊರಿನಲ್ಲಿ, 1928ರ ಮೇ ತಿಂಗಳಲ್ಲಿ. ಅದೇ ಜಿಲ್ಲೆಯ ದೇವದುರ್ಗ, ಮಾನ್ವಿಗಳ ಬಿಸಿಲೂ ಇದಕ್ಕಿಂತ ಹೆಚ್ಚೇನೂ ಕಡಿಮೆಯಲ್ಲ. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ, ಮರದ ತಿರುಳಿನ ಕಾಗದದ ಮೇಲೆ. ಅದರಲ್ಲಿ ಉಳಿದುಕೊಂಡ ಲಿಗ್ನಿನ್ ಎಂಬ ಅಂಶ ಗಾಳಿ ಬೆಳಕಿಗೆ ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ನಾರನ್ನು ತಿನ್ನುತ್ತದೆ, ಸೆಕೆ ಏರಿದಷ್ಟೂ ಈ ಕ್ರಿಯೆಗೆ ವೇಗ. ಮಳೆಗಾಲ ಬಂತೆಂದರೆ ನಡುವಿನ ಪಿನ್ನಿಗೆ ತುಕ್ಕು. ಪಿನ್ನಿನ ಸುತ್ತ ಕಂದು ಕಲೆ. ಗೋಡೆಗೆ ಒತ್ತಿದ ಕಪಾಟಾದರೆ ಗೆದ್ದಲು. ನುಸಿಗುಳಿಗೆ, ಬೇವಿನೆಲೆ ಹುಳವನ್ನು ದೂರವಿಟ್ಟಾವು, ಆಮ್ಲಕ್ಕೆ ಅವು ಏನೂ ಮಾಡಲಾರವು.

ಅಂದಿನ ಓದುಗರ ರಕ್ಷಣಾ ವಿಧಾನವೇ ಬೇರೆ. ವಾರಪತ್ರಿಕೆಯ ಧಾರಾವಾಹಿಯ ಹಾಳೆ ಬಿಡಿಸಿ ಹೊಲಿಸುತ್ತಿದ್ದಂತೆ, ಚಿತ್ರಕಥೆಗಳನ್ನೂ ಹತ್ತು ಹದಿನೈದು ಕೂಡಿಸಿ ಬೈಂಡ್ ಮಾಡಿಸುವುದು ಕನ್ನಡ ನಾಡಿನ ಮನೆಗಳಲ್ಲೂ ಬಾಡಿಗೆ ಪುಸ್ತಕದ ಅಂಗಡಿಗಳಲ್ಲೂ ಮಾಮೂಲು. ಬೈಂಡರ್ ಪಿನ್ನು ಕೀಳುತ್ತಾನೆ, ಬೆನ್ನಿಗೆ ದಾರ ಹಾಕುತ್ತಾನೆ, ಮೈದಾ ಗೋಂದು ಬಳಿದು ರಟ್ಟು ಅಂಟಿಸುತ್ತಾನೆ, ಮೇಲೆ ಕ್ಯಾಲಿಕೊ ಬಟ್ಟೆ. ಕೊನೆಗೆ ಮೂರೂ ಅಂಚನ್ನು ಯಂತ್ರಕ್ಕೆ ಕೊಟ್ಟು ಸಮ ಮಾಡುತ್ತಾನೆ. ಮೈದಾ ಗೋಂದಿಗೆ ಜಿರಲೆ ಬರುತ್ತದೆಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯೂ ಉಂಟು. ಓದುವವನಿಗೆ ಈ ಕಟ್ಟು ವರ. ಇಪ್ಪತ್ತು ಕೈ ದಾಟಿದರೂ ಹಾಳೆ ಬಿಡುವುದಿಲ್ಲ. ಇಂದಿನ ಸ್ಲ್ಯಾಬ್ ಪರೀಕ್ಷಕನ ಕಣ್ಣಿಗೆ ಮಾತ್ರ ಅದೇ ಪ್ರತಿ ಅಂಚು ಕತ್ತರಿಸಿದ್ದು, ಪಿನ್ನು ಕಿತ್ತದ್ದು, ಅಂಟು ತಾಗಿದ್ದು. ಉಳಿಸಲೆಂದು ಮಾಡಿದ ಕೆಲಸವೇ ದೋಷದ ಪಟ್ಟಿಗೆ ಸೇರುತ್ತದೆ.

ಮಾನ್ವಿ, ದೇವದುರ್ಗ ಸೀಮೆಗೆ ಇದಕ್ಕಿಂತ ಹಳೆಯ ಕಟ್ಟಿನ ಪರಿಚಯವೂ ಇದೆ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರು ನೆಲೆಸಿದ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಎಲ್ಲವೂ ಈ ಎರಡು ತಾಲ್ಲೂಕುಗಳ ಸುತ್ತಿನವೇ. ಕೃಷ್ಣೆ ತುಂಗಭದ್ರೆಯರ ನಡುವಿನ ದಾಸರ ಹಾಡುಗಳು ಓಲೆಗರಿ, ಕಾಗದದ ಹಸ್ತಪ್ರತಿ ಮತ್ತು ಹಾಡುವವರ ಬಾಯಿ, ಈ ಮೂರು ದಾರಿಯಲ್ಲಿ ನಮ್ಮವರೆಗೆ ಬಂದವು. ಓಲೆಗೆ ತೂತು ಕೊರೆದು ದಾರ ಪೋಣಿಸಿ, ಎರಡು ಮರದ ಹಲಗೆಗಳ ನಡುವೆ ಬಿಗಿದು, ಬಟ್ಟೆ ಸುತ್ತಿಡುತ್ತಿದ್ದರು. ಓದಬೇಕೆಂದಾಗ ಬಿಚ್ಚಬಹುದು, ಶಿಥಿಲವಾದರೆ ಹೊಸ ಪ್ರತಿ ಮಾಡಿಕೊಳ್ಳಬಹುದು. ಇದು ಯಾರ ಕೃತಿ ಎಂಬ ಗುರುತು ಹೊರಗಿನ ಚೀಟಿಯಲ್ಲಿ ಇರಲಿಲ್ಲ. ಜಗನ್ನಾಥವಿಠಲ, ಗೋಪಾಲವಿಠಲ ಎಂಬ ಅಂಕಿತವಾಗಿ ಹಾಡಿನೊಳಗೇ ಕೂತಿತ್ತು. ಅದರಿಂದ ತಕರಾರೇನೂ ತಪ್ಪಲಿಲ್ಲವೆನ್ನಿ. ಒಂದೇ ಹಾಡು ಒಂದು ಪ್ರತಿಯಲ್ಲಿ ಒಬ್ಬರದಾಗಿ, ಇನ್ನೊಂದರಲ್ಲಿ ಮತ್ತೊಬ್ಬರದಾಗಿ ಸಿಕ್ಕಿ ದಾಸಸಾಹಿತ್ಯದ ವಿದ್ವಾಂಸರಿಗೆ ಇವತ್ತಿಗೂ ಕೆಲಸ ಕೊಡುತ್ತದೆ.

ಇನ್ನು ಸ್ಲ್ಯಾಬ್ ಹುಟ್ಟಿದ ಅಮೆರಿಕಕ್ಕೆ ಬಂದರೆ, ಅಲ್ಲಿ ಕಾಮಿಕ್ಸ್ ಸಂಗ್ರಹ ಹವ್ಯಾಸದಿಂದ ವ್ಯಾಪಾರವಾದದ್ದು 1970ರ ನಂತರ. ಆ ವರ್ಷ ರಾಬರ್ಟ್ ಓವರ್‌ಸ್ಟ್ರೀಟ್ ತಮ್ಮ ಬೆಲೆ ಕೈಪಿಡಿಯ ಮೊದಲ ಆವೃತ್ತಿ ತಂದರು. ಕೊಳ್ಳುವವರಿಗೂ ಮಾರುವವರಿಗೂ ಒಂದೇ ದರಪಟ್ಟಿ ಸಿಕ್ಕಿತು. ಸ್ಥಿತಿಯನ್ನು ಅಳೆಯುವ ಮಾತು ಮಾತ್ರ ಮಾರುವವನ ಬಾಯಲ್ಲೇ ಉಳಿಯಿತು: ಅವನಿಗೆ 'ಹೊಸದರಂತೆ' ಕಂಡದ್ದು ಕೊಂಡವನ ಮನೆಗೆ ಬಂದಾಗ 'ಪರವಾಗಿಲ್ಲ' ಆಗಿರುತ್ತಿತ್ತು. ಅಂಚೆಯಲ್ಲಿ ತರಿಸಿಕೊಂಡು ಮೋಸ ಹೋದವರ ಗೊಣಗಾಟ ಮೂವತ್ತು ವರ್ಷ ನಡೆಯಿತು.

ರಕ್ಷಣೆಯ ಮೊದಲ ಪಾಠ ಹೇಳಿದ್ದು 1977ರಲ್ಲಿ ಕೊಲೊರಾಡೊದಲ್ಲಿ ಬಯಲಾದ ಎಡ್ಗರ್ ಚರ್ಚ್ ಸಂಗ್ರಹ. ಅದನ್ನು ಕೊಂಡ ವ್ಯಾಪಾರಿ ಚಕ್ ರೋಜಾನ್ಸ್ಕಿ. 1930–40ರ ದಶಕದ ಸಾವಿರಾರು ಸಂಚಿಕೆಗಳು ನಿನ್ನೆ ಮೊನ್ನೆ ಅಚ್ಚಾದಂತೆ ಬಿಳಿಯಾಗಿದ್ದವು. ಅವಕ್ಕೆ ಡಬ್ಬಿ ಇರಲಿಲ್ಲ, ಚೀಲ ಇರಲಿಲ್ಲ. ಒಣ ತಂಪು ಹವೆಯಲ್ಲಿ ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟಿದ್ದೇ ಅವುಗಳ ಆಯಸ್ಸು. ಗಾಳಿ ಬೆಳಕು ಹಾಳೆಗಳ ನಡುವೆ ನುಸುಳಲಿಲ್ಲ. ರಾಯಚೂರಿನ ಟ್ರಂಕಿನಲ್ಲಿ ಹೀಗೆಯೇ ಒತ್ತಿಟ್ಟರೂ ಸೆಕೆಯ ಲೆಕ್ಕ ಬೇರೆಯಾದ್ದರಿಂದ ಫಲವೂ ಬೇರೆ.

ಆಮೇಲೆ ಬಂದದ್ದು ಚೀಲ ಮತ್ತು ರಟ್ಟಿನ ಕಾಲ. ಪಾಲಿಥೀನ್, ಪಾಲಿಪ್ರೊಪಿಲೀನ್ ಚೀಲ ಅಗ್ಗ. ಮೈಲಾರ್ ಎಂದು ಕರೆಸಿಕೊಳ್ಳುವ ಪಾಲಿಯೆಸ್ಟರ್ ದುಬಾರಿ, ಆದರೆ ದಶಕಗಟ್ಟಲೆ ಕೆಡದು. ಪಿವಿಸಿ ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ ಹೊರಬಂದು ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಶಾಲೆಯ ಅಂಕಪಟ್ಟಿಯನ್ನು ಹಳೆಯ ಪ್ಲಾಸ್ಟಿಕ್ ಕವರಿನಿಂದ ಎಳೆದಾಗ ಅಕ್ಷರಗಳೂ ಕಿತ್ತು ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಲ್ಯಾಬ್ ಕಾಮಿಕ್ಸ್‌ಗೆ ಬಂದದ್ದು ನಾಣ್ಯಗಳ ಲೋಕದಿಂದ. 1980ರ ದಶಕದ ನಡುವಿನಲ್ಲಿ ಅಮೆರಿಕದ ಪಿಸಿಜಿಎಸ್, ಹಿಂದೆಯೇ ಎನ್‌ಜಿಸಿ ಕಂಪನಿಗಳು ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡತೊಡಗಿದವು. ಎನ್‌ಜಿಸಿಯ ಸೋದರ ಸಂಸ್ಥೆಯಾಗಿ ಫ್ಲಾರಿಡಾದ ಸಾರಾಸೋಟಾದಲ್ಲಿ ನೆಲೆಯಾದ ಸಿಜಿಸಿ 2000ದಲ್ಲಿ ಅದೇ ಕೆಲಸವನ್ನು ಕಾಮಿಕ್ಸ್‌ಗೆ ಶುರು ಮಾಡಿತು. 0.5ರಿಂದ 10ರವರೆಗಿನ ಅಂಕ; ಮಾಮೂಲು ಪ್ರತಿಗೆ ನೀಲಿ ಚೀಟಿ, ದುರಸ್ತಿ ಕಂಡದ್ದಕ್ಕೆ ನೇರಳೆ, ಸಾಕ್ಷಿಯ ಎದುರು ಲೇಖಕ ಅಥವಾ ಕಲಾವಿದ ಸಹಿ ಹಾಕಿದ್ದಕ್ಕೆ ಹಳದಿ. ಪುಸ್ತಕ ಮೊದಲು ಒಳಗಿನ ತೆಳು ಪ್ಲಾಸ್ಟಿಕ್ ಒರೆಯಲ್ಲಿ ಕೂರುತ್ತದೆ, ಆ ಒರೆ ಹೊರಗಿನ ಗಟ್ಟಿ ಡಬ್ಬಿಯಲ್ಲಿ. ಡಬ್ಬಿ ಬಿಚ್ಚಿದರೆ ಅಂಕಕ್ಕೆ ಬೆಲೆಯಿಲ್ಲ.

ನಾಣ್ಯ ಲೋಹ, ಎರಡು ಮುಖ ಕಂಡರೆ ಮುಗಿಯಿತು. ಕಾಮಿಕ್ಸ್ ಹಾಗಲ್ಲ. ಅದು ಮೆತ್ತನೆ ಕಾಗದ, ಬಳುಕುತ್ತದೆ, ಒಳಗೆ ಮೂವತ್ತು ಪುಟ ಇರುತ್ತವೆ, ಅವನ್ನು ಮಗುಚದೆ ನೋಡಲಾಗದು. ಮೊದಲ ಜಗಳ ಇಲ್ಲಿಯೇ. ಓದಲಾಗದ ಪುಸ್ತಕ ಪುಸ್ತಕವೇ ಅಲ್ಲ ಎಂದವರು ಒಂದು ಕಡೆ. ಬೆಲೆಬಾಳುವ ಪ್ರತಿಯನ್ನು ಯಾರೂ ಓದಲು ಕೊಳ್ಳುವುದಿಲ್ಲ, ಓದಲು ಮರುಮುದ್ರಣಗಳಿವೆ ಎಂದವರು ಇನ್ನೊಂದು ಕಡೆ. ಹಣ ಎರಡನೆಯವರ ಕಡೆಗೆ ವಾಲಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ 9.0 ಅಂಕದ ಡಬ್ಬಿಯಲ್ಲಿ 2011ರಲ್ಲಿ 21.6 ಲಕ್ಷ ಡಾಲರಿಗೆ ಹೋಯಿತು. ಅದು ನಟ ನಿಕೊಲಸ್ ಕೇಜ್ ಮನೆಯಿಂದ 2000ದಲ್ಲಿ ಕಳುವಾಗಿ ಮತ್ತೆ ಸಿಕ್ಕಿದ ಪ್ರತಿ. 2024ರ ಏಪ್ರಿಲಿನಲ್ಲಿ ಅದೇ ಸಂಚಿಕೆಯ 8.5 ಅಂಕದ ಇನ್ನೊಂದು ಪ್ರತಿಗೆ 60 ಲಕ್ಷ ಡಾಲರ್ ಬಂತು.

ಎರಡನೆಯ ಜಗಳ ಡಬ್ಬಿಯ ಮೈಕಟ್ಟಿನದು. ಅಂಚೆಯ ಸಾಗಾಟದಲ್ಲಿ ಪುಸ್ತಕ ಒರೆಯೊಳಗೆ ಜಾರಿ, ಬೆನ್ನಿನ ತುದಿ ಸೀಳಿ, ಮೂಲೆ ಮುದುಡಿದ ಪ್ರಕರಣಗಳು ಮೊದಲ ವರ್ಷಗಳಲ್ಲೇ ಕಾಣಿಸಿಕೊಂಡವು. ಸಂಗ್ರಾಹಕರು ಅದಕ್ಕೆ 'ಅಲುಗಾಡಿದ ಕಾಮಿಕ್ಸ್ ರೋಗ' ಎಂದು ಹೆಸರಿಟ್ಟರು. ದಪ್ಪ ಬೆನ್ನಿನ ವಿಶೇಷ ಸಂಚಿಕೆಗಳಿಗೆ ಈ ಪೆಟ್ಟು ಹೆಚ್ಚು. ಕಾಪಾಡಬೇಕಾದ ಡಬ್ಬಿಯೇ ಕೆಡಿಸಿದರೆ ಹೊಣೆ ಯಾರದು, ಕಂಪನಿಯದೋ ಅಂಚೆಯದೋ ಕಳಿಸಿದವನದೋ ಎಂಬ ವಾದಕ್ಕೆ ಕೊನೆಯಿರಲಿಲ್ಲ. 2016ರಲ್ಲಿ ಸಿಜಿಸಿ ಹೊಸ ಡಬ್ಬಿ ತಂದಾಗ ಇನ್ನೊಂದು ಗೋಳು. ಎರಡು ನುಣುಪು ಪ್ಲಾಸ್ಟಿಕ್ ಪದರ ಒಂದಕ್ಕೊಂದು ತಾಗುವಲ್ಲಿ, ನಡುವಿನ ಕೂದಲೆಳೆಯಷ್ಟೂ ಇಲ್ಲದ ಗಾಳಿಯಲ್ಲಿ ಬೆಳಕು ಸಿಕ್ಕಿಕೊಂಡು ಕಾಮನಬಿಲ್ಲಿನ ಉಂಗುರ ಮೂಡುತ್ತದೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಇವಕ್ಕೆ ನ್ಯೂಟನ್ ಉಂಗುರ ಎಂದು ಹೆಸರು. ಪುಸ್ತಕಕ್ಕೆ ಅವುಗಳಿಂದ ಯಾವ ಹಾನಿಯೂ ಇಲ್ಲ. ಆದರೂ ಸಾವಿರಾರು ಡಾಲರ್ ಕೊಟ್ಟವನಿಗೆ ಮುಖಪುಟದ ಸ್ಪೈಡರ್‌ಮ್ಯಾನ್ ಮೇಲೆ ಎಣ್ಣೆ ಚೆಲ್ಲಿದಂತೆ ಕಂಡರೆ ಆ ಸಮಾಧಾನ ಹಿಡಿಸುವುದಿಲ್ಲ. ದೂರು ಹೆಚ್ಚಾದ ಮೇಲೆ ಕಂಪನಿ ವಿನ್ಯಾಸ ತಿದ್ದಿತು.

2014ರಲ್ಲಿ ಸಿಬಿಸಿಎಸ್ ಎಂಬ ಪ್ರತಿಸ್ಪರ್ಧಿ ಹುಟ್ಟಿತು. ಕಟ್ಟಿದವರಲ್ಲಿ ಮುಖ್ಯರು ಸ್ಟೀವ್ ಬೊರಾಕ್, ಹಿಂದೆ ಸಿಜಿಸಿಯಲ್ಲೇ ಮುಖ್ಯ ಪರೀಕ್ಷಕರಾಗಿದ್ದವರು. ಯಾವ ಡಬ್ಬಿ ತಿಳಿಯಾಗಿದೆ, ಯಾವುದು ಬಿಗಿ, ಯಾವುದರ ಅಂಕ ಸಡಿಲ ಎಂದು ಸಂಗ್ರಾಹಕರು ಪಕ್ಷ ಕಟ್ಟಿಕೊಂಡರು. ತಮಾಷೆಯೆಂದರೆ, ಸಮಾನ ಅಂಕದ ಎರಡು ಪ್ರತಿಗಳಲ್ಲಿ ಸಿಜಿಸಿ ಡಬ್ಬಿಯಲ್ಲಿ ಇರುವುದಕ್ಕೆ ಸಾಮಾನ್ಯವಾಗಿ ಹೆಚ್ಚು ಹಣ ಸಿಗುತ್ತದೆ. ಪ್ಲಾಸ್ಟಿಕ್ಕಿಗೂ ಮನೆತನ ಬಂತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2023ರ ಕೊನೆಯಲ್ಲಿ. ಗೀರುಬಿದ್ದ ಹಳೆ ಡಬ್ಬಿಯನ್ನು ಹಿಂದಿರುಗಿಸಿದರೆ ಪುಸ್ತಕಕ್ಕೆ ಮತ್ತೆ ಅಂಕ ಹಾಕದೆ ಹೊಸ ಡಬ್ಬಿ ತೊಡಿಸಿಕೊಡುವ ಸೇವೆ ಸಿಜಿಸಿಯಲ್ಲಿತ್ತು. ಹಳೆ ಅಂಕವೇ ಮುಂದುವರಿಯುತ್ತಿತ್ತು. ವಂಚನೆ ಹೊಕ್ಕಿದ್ದು ಈ ಸಂದಿನಲ್ಲಿ: 9.8 ಅಂಕದ ಡಬ್ಬಿಯನ್ನು ಗುಟ್ಟಾಗಿ ಬಿಚ್ಚಿ, ಒಳ್ಳೆಯ ಪ್ರತಿ ತೆಗೆದು, ಅದೇ ಸಂಚಿಕೆಯ ಕೆಳದರ್ಜೆ ಪ್ರತಿ ಇಟ್ಟು, ಹೊಸ ಡಬ್ಬಿಗೆ ಕಳಿಸುವುದು. ವಾಪಸು ಬರುವಾಗ ಕಂಪನಿಯದೇ ಹೊಸ ಸೀಲು, ಹೊಸ ಚೀಟಿ, ಒಳಗೆ ಮಾತ್ರ ಬೇರೆ ಪುಸ್ತಕ. ಪತ್ತೆ ಮಾಡಿದವರು ಪೊಲೀಸರಲ್ಲ, ಸಂಗ್ರಾಹಕರೇ. ಹರಾಜಿನ ಹಳೆ ಚಿತ್ರಗಳನ್ನು ಹೊಸವುಗಳ ಪಕ್ಕ ಇಟ್ಟು, ಮುಖಪುಟದ ಅಚ್ಚು ಎಷ್ಟು ಓರೆ, ಪಿನ್ನು ಎಲ್ಲಿ ಕೂತಿದೆ, ಮೂಲೆಯ ಸಣ್ಣ ಮಡಿಕೆ ಇದೆಯೋ ಇಲ್ಲವೋ ಎಂದು ಹೋಲಿಸಿ ನೋಡಿದರು. ಚೀಟಿಯ ಮೇಲಿನ ಒಂದೇ ಪ್ರಮಾಣಸಂಖ್ಯೆಯಡಿ ಎರಡು ಬೇರೆ ಪುಸ್ತಕಗಳಿದ್ದವು. ವುಲ್ವರೀನ್ ಮೊದಲ ಬಾರಿಗೆ ಪೂರ್ಣವಾಗಿ ಕಾಣಿಸಿಕೊಂಡ 1974ರ 'ಹಲ್ಕ್' 181ನೇ ಸಂಚಿಕೆಯೂ ಈ ರಾದ್ಧಾಂತದಲ್ಲಿ ಸಿಕ್ಕಿಕೊಂಡಿತು. 2024ರ ಆರಂಭದಲ್ಲಿ ಕಂಪನಿ ಅನುಮಾನಾಸ್ಪದ ಪ್ರಮಾಣಸಂಖ್ಯೆಗಳ ಉದ್ದ ಪಟ್ಟಿ ಪ್ರಕಟಿಸಿ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಂಕ ನಂಬಿ ಕೊಂಡವರು ಮೊದಲ ಸಲ ಡಬ್ಬಿಯ ಆಚೆ ಕಣ್ಣು ಹಾಯಿಸಬೇಕಾಯಿತು.

ಭಾರತದಲ್ಲಿ ಸ್ಲ್ಯಾಬ್ ಪರಿಚಯವಾದದ್ದು ಮುಖ್ಯವಾಗಿ ಅಮೆರಿಕದ ಕಾಮಿಕ್ಸ್ ತರಿಸುವವರ ಮೂಲಕ. ಬೆಂಗಳೂರಿನಲ್ಲಿ 2012ರಲ್ಲಿ ಕಾಮಿಕ್ ಕಾನ್ ಆರಂಭವಾದ ಮೇಲೆ ಆ ಬಳಗ ಕಣ್ಣಿಗೆ ಕಾಣುವಷ್ಟು ಬೆಳೆಯಿತು. ಕನ್ನಡ ಪ್ರತಿಗಳಿಗೆ ಈ ಅಳತೆಗೋಲು ಸುಲಭವಾಗಿ ಒಗ್ಗುವುದಿಲ್ಲ. ಓವರ್‌ಸ್ಟ್ರೀಟ್ ಕೈಪಿಡಿ ಅಮೆರಿಕದ ಮಾರುಕಟ್ಟೆಗಾಗಿ ಹುಟ್ಟಿದ್ದು. ಅಲ್ಲಿನ ಪರೀಕ್ಷಕ ತುಕ್ಕು ಹಿಡಿದ ಪಿನ್ನನ್ನು ಅಪವಾದವೆಂದು ಎಣಿಸುತ್ತಾನೆ, ನಮ್ಮ ಮಳೆಗಾಲ ಕಂಡ 1965ರ ಪ್ರತಿಗೆ ಅದು ಸಹಜ ಸ್ಥಿತಿ. ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, ಶಾಲೆ ಕಚೇರಿಗಳಲ್ಲಿ ಉರ್ದು ನಡೆಯುತ್ತಿದ್ದ ಸೀಮೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ಕೂಡ ಆಗದ ಕಾಲಕ್ಕೆ ಬಂದ ಕನ್ನಡದ ಆ ಮೊದಲ ಹತ್ತು ಪುಸ್ತಕಗಳ ಪ್ರತಿ ಇಲ್ಲಿನ ಮನೆಯೊಂದರಲ್ಲಿ ದೊರೆತರೆ, ಅದರ ಮೇಲೆ ಮಗುವಿನ ಹೆಸರು, ತರಗತಿ, ಹಾಜರಿ ಸಂಖ್ಯೆ ಬರೆದಿರುವ ಸಂಭವವೇ ಹೆಚ್ಚು. ಸ್ಲ್ಯಾಬ್ ಕಂಪನಿ ಆ ಬರಹಕ್ಕೆ ಅಂಕ ಕಳೆದೀತು. ಪ್ರಕಾಶನದ ಇತಿಹಾಸ ಬರೆಯುವವನಿಗೆ ಪುಸ್ತಕ ಯಾವ ಊರನ್ನು ಯಾವ ವರ್ಷ ಮುಟ್ಟಿತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಸಿಗಲಾರದು. ಅಂಥ ಪ್ರತಿಯನ್ನು ಸದ್ಯಕ್ಕೆ ಆಮ್ಲರಹಿತ ರಟ್ಟಿನ ಜೊತೆ ಪಾಲಿಯೆಸ್ಟರ್ ಚೀಲದಲ್ಲಿ ಹಾಕಿ, ಬಿಸಿಲು ಬೀಳದ, ಗೋಡೆಗೆ ಒತ್ತದ ಕಪಾಟಿನಲ್ಲಿಟ್ಟರೆ ಸಾಕು. ಚೀಲವನ್ನು ಬೇಕೆಂದಾಗ ತೆರೆಯಬಹುದು.