ಉಗ್ರಾಣದ ಲೆಕ್ಕ ಕಾಲೇಜಿಗೆ ಬಂದ ಕಥೆ

ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಒಂದು ಚರ್ಚೆ ಏಳುತ್ತದೆ. ಕಡ್ಡಾಯ ವಿಷಯಗಳ ಜೊತೆಗೆ ಒಂದೆರಡು ಐಚ್ಛಿಕ ವಿಷಯಗಳನ್ನು ಆರಿಸಿಕೊಳ್ಳಬೇಕು. ಯಾವುದನ್ನು ತೆಗೆದುಕೊಂಡರೆ ಒಳ್ಳೆಯದು? ಈಚೆಗೆ ಹಲವು ಕಾಲೇಜುಗಳ ಆ ಪಟ್ಟಿಯಲ್ಲಿ ‘ಸಪ್ಲೈ ಚೈನ್’ ಎಂಬ ಹೆಸರು ಕಾಣುತ್ತಿದೆ. ಕನ್ನಡದಲ್ಲಿ ಪೂರೈಕೆ ಸರಪಳಿ ಎನ್ನೋಣ. ಕಚ್ಚಾ ಮಾಲು ಹುಟ್ಟುವಲ್ಲಿಂದ ಸಿದ್ಧವಸ್ತು ಬಳಸುವವನ ಕೈ ಸೇರುವವರೆಗೆ ನಡುವೆ ಇರುವ ಕಾರ್ಖಾನೆ, ಉಗ್ರಾಣ, ಲಾರಿ, ರೈಲು, ಅಂಗಡಿ ಎಲ್ಲವನ್ನೂ ಒಂದಾಗಿ ಕಂಡು ಲೆಕ್ಕ ಹಾಕುವ ವಿದ್ಯೆ ಅದು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ತಮ್ಮ ಮಗಳು ಇದನ್ನೇ ಆರಿಸಿಕೊಂಡಳೆಂದು ತಿಳಿದು, “ಅಲ್ಲ ರಾಯರೆ, ಗೋಡೌನು ನೋಡಿಕೊಳ್ಳೋದಕ್ಕೆ ಇಷ್ಟು ದುಡ್ಡು ಸುರಿದು ಇಂಜಿನಿಯರಿಂಗ್ ಓದಿಸಬೇಕೆ?” ಎಂದು ನಮ್ಮನ್ನು ಕೇಳಿದರು. ಸ್ಟೋರ್ಸ್ ಲೆಡ್ಜರುಗಳ ನಡುವೆ ವರ್ಷಗಳನ್ನು ಕಳೆದಿರುವ ನಮಗೆ ಆ ಮಾತು ಸ್ವಲ್ಪ ನಾಟಿತು. ಆದರೆ ಅದರಲ್ಲಿ ಅರ್ಧ ಸತ್ಯವಿದೆ. ಈ ವಿದ್ಯೆ ಹುಟ್ಟಿದ್ದು ಗೋಡೌನಿನಲ್ಲೇ.

ಹಾಗೆ ನೋಡಿದರೆ ಉಗ್ರಾಣಕ್ಕೆ ಶಾಸ್ತ್ರವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಧ್ಯಕ್ಷನಿಗೇ ಒಂದು ಅಧ್ಯಾಯ ಮೀಸಲಾಗಿದೆ. ಸಂಗ್ರಹದಲ್ಲಿ ಅರ್ಧವನ್ನು ಆಪತ್ತಿನ ಕಾಲಕ್ಕೆ ಇಡಬೇಕು, ಉಳಿದರ್ಧವನ್ನು ಬಳಸಬೇಕು, ಹೊಸ ಮಾಲು ಬಂದಂತೆ ಹಳೆಯದನ್ನು ಹೊರಗೆ ಹಾಕಬೇಕು ಎಂಬುದು ಅಲ್ಲಿನ ವಿಧಿ. ಕಳೆದುಹೋಗಿತ್ತೆಂದು ಎಲ್ಲರೂ ತಿಳಿದಿದ್ದ ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಆದರೆ ಅರ್ಧ ಎಂದರೆ ಅರ್ಧವೇ ಏಕೆ, ಮೂರನೆಯ ಒಂದು ಪಾಲು ಏಕಾಗಬಾರದು ಎಂಬ ಪ್ರಶ್ನೆಗೆ ಉತ್ತರಿಸುವ ಗಣಿತ ಅಂದು ಇರಲಿಲ್ಲ.

ಆ ಬಗೆಯ ಗಣಿತವನ್ನು ತಂದವನು ಅಮೆರಿಕದ ಫೋರ್ಡ್ ವಿಟ್ಮನ್ ಹ್ಯಾರಿಸ್. ಹೈಸ್ಕೂಲಿಗೆ ಓದು ನಿಲ್ಲಿಸಿದವನು, ಕಾಲೇಜು ಕಂಡವನಲ್ಲ. 1913ರಲ್ಲಿ ಕಾರ್ಖಾನೆಯವರು ಓದುವ ಒಂದು ಪತ್ರಿಕೆಗೆ, ಒಂದು ಸಲಕ್ಕೆ ಎಷ್ಟು ಬಿಡಿಭಾಗಗಳನ್ನು ತಯಾರಿಸಿದರೆ ಲಾಭ ಎಂಬ ಬಗ್ಗೆ ಚಿಕ್ಕ ಲೇಖನ ಬರೆದ. ಅದೇ ತರ್ಕ ಖರೀದಿಗೂ ಸಲ್ಲುತ್ತದೆ. ಒಂದು ಕಛೇರಿಗೆ ವರ್ಷಕ್ಕೆ 3,600 ರೀಮು ಕಾಗದ ಬೇಕು ಎನ್ನಿ. ಒಂದು ಸಲ ಆರ್ಡರು ಕಳಿಸಿ ಮಾಲನ್ನು ಲೆಕ್ಕಕ್ಕೆ ಹಿಡಿಯಲು 50 ರೂಪಾಯಿ ಖರ್ಚು. ಒಂದು ರೀಮನ್ನು ವರ್ಷವಿಡೀ ಇಟ್ಟುಕೊಳ್ಳಲು 4 ರೂಪಾಯಿ. ಎಲ್ಲವನ್ನೂ ಒಮ್ಮೆಗೇ ತರಿಸಿದರೆ ಸರಾಸರಿ 1,800 ರೀಮು ಕೋಣೆಯಲ್ಲಿ ಕೂತಿರುತ್ತದೆ. ಒಟ್ಟು ಖರ್ಚು 7,250. ಮೂವತ್ತು ಮೂವತ್ತರಂತೆ ತರಿಸಿದರೆ 120 ಆರ್ಡರು, ಖರ್ಚು 6,060. ಹ್ಯಾರಿಸನ ಸೂತ್ರಕ್ಕೆ ಈ ಅಂಕೆಗಳನ್ನು ಕೊಟ್ಟರೆ 300 ಎಂಬ ಉತ್ತರ ಬರುತ್ತದೆ. ತಿಂಗಳಿಗೊಂದು ಆರ್ಡರು, ತರಿಸುವ ಖರ್ಚು 600, ಇಡುವ ಖರ್ಚೂ 600, ಒಟ್ಟು 1,200. ಎರಡೂ ಖರ್ಚು ಸಮವಾಗುವ ಜಾಗದಲ್ಲೇ ಒಟ್ಟು ಖರ್ಚು ಅತಿ ಕಡಿಮೆ. ಇದನ್ನು ಮೊದಲ ಸಲ ಮಾಡಿ ನೋಡಿದಾಗ, ಬಿ.ಎಸ್‌ಸಿ.ಯಲ್ಲಿ ಕಲಿತ ಕಲನಶಾಸ್ತ್ರ ಕೊನೆಗೂ ಕಾಗದದ ರೀಮಿನ ಉಪಯೋಗಕ್ಕೆ ಬಂತಲ್ಲ ಎಂದು ನಮಗೆ ಹಿಗ್ಗಾಯಿತು. ಪಾಪ, ಹ್ಯಾರಿಸನಿಗೆ ಮಾತ್ರ ಹೆಸರು ದಕ್ಕಲಿಲ್ಲ. 1934ರಲ್ಲಿ ಇದೇ ವಿಷಯ ಬರೆದ ವಿಲ್ಸನ್ ಎಂಬವರ ಹೆಸರಿನಲ್ಲೇ ಸೂತ್ರ ಪಠ್ಯಗಳಿಗೆ ಸೇರಿತು. ಮೂಲ ಲೇಖನ ಮತ್ತೆ ಬೆಳಕಿಗೆ ಬರುವಾಗ 1990 ಹತ್ತಿರವಾಗಿತ್ತು.

ಮುಂದಿನ ಹೆಜ್ಜೆ ಯುದ್ಧಕಾಲದ್ದು. 1939ರಲ್ಲಿ ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಗಳ ಯಂತ್ರಗಳಿಗೆ ಕೆಲಸ ಹಂಚುವ ಗಣಿತ ಕಂಡುಹಿಡಿದರು. ವಾಷಿಂಗ್‌ಟನ್ನಿನಲ್ಲಿ ಕೂಪ್‌ಮನ್ಸ್ ಮಿತ್ರರಾಷ್ಟ್ರಗಳ ಹಡಗುಗಳು ಖಾಲಿ ಓಡಾಡದಂತೆ ಮಾಡುವ ಲೆಕ್ಕದಲ್ಲಿ ತೊಡಗಿದರು. ಇಬ್ಬರಿಗೂ ಜಂಟಿಯಾಗಿ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಂಥ ಲೆಕ್ಕಗಳನ್ನು ಬಿಡಿಸುವ ಕ್ರಮಬದ್ಧ ವಿಧಾನವನ್ನು 1947ರಲ್ಲಿ ಕೊಟ್ಟವರು ಡ್ಯಾಂಟ್ಸಿಗ್.

ಇಷ್ಟಾದರೂ ಇವು ಬಿಡಿಬಿಡಿ ಲೆಕ್ಕಗಳೇ. ಉಗ್ರಾಣದ್ದು ಒಂದು, ಹಡಗಿನದು ಒಂದು. ಇವನ್ನು ಸರಪಳಿಯಾಗಿ ನೋಡಬೇಕೆಂದು ತೋರಿಸಿದವರು ಜೇ ಫಾರೆಸ್ಟರ್. ಕಂಪ್ಯೂಟರಿನ ಸ್ಮರಣಕೋಶ ರೂಪಿಸಿ ಹೆಸರಾಗಿದ್ದ ಈ ವಿದ್ಯುತ್ ಇಂಜಿನಿಯರು 1956ರಲ್ಲಿ ಎಂ.ಐ.ಟಿ.ಯ ಆಡಳಿತಶಾಸ್ತ್ರ ವಿಭಾಗಕ್ಕೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಕೆಂಟಕಿಯ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಯವರಿಗೆ ಆಗ ಒಂದು ಒಗಟಾಗಿತ್ತು. ಒಮ್ಮೆ ಮೂರು ನಾಲ್ಕು ಪಾಳಿಯಲ್ಲಿ ಕೆಲಸ. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕೆಲಸಗಾರರು ಮನೆಗೆ. ಮಾರುಕಟ್ಟೆಯ ಏರಿಳಿತ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಫಾರೆಸ್ಟರ್ ಕಾಗದ ಪೆನ್ಸಿಲ್ ಹಿಡಿದು ದಾಸ್ತಾನು, ಬಾಕಿ ಆರ್ಡರು, ಕೆಲಸಗಾರರು ಎಂದು ಕಾಲಂ ಹಾಕಿ ವಾರವಾರದ ಲೆಕ್ಕ ಬರೆಯುತ್ತ ಹೋದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಒಳಗಿನ ತೀರ್ಮಾನಗಳಿಂದಲೇ ಏರಿಳಿತ ಹುಟ್ಟುವುದು ಕಂಡಿತು. 1958ರಲ್ಲಿ ಇದು ಲೇಖನವಾಯಿತು, 1961ರಲ್ಲಿ ಗ್ರಂಥವಾಯಿತು.

ಇದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಎಂ.ಐ.ಟಿ.ಯಲ್ಲಿ ಒಂದು ಆಟ ಹುಟ್ಟಿತು. ಹೆಸರು ಬಿಯರ್ ಆಟ. ಹಿರಿಯರು ಹೌಹಾರಬೇಕಾಗಿಲ್ಲ, ಕುಡಿಯಲು ಏನೂ ಕೊಡುವುದಿಲ್ಲ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಆರ್ಡರು ಚೀಟಿ ಮಾತ್ರ ಕಳಿಸಬೇಕು. ಕೇಳಿದ ಮಾಲು ಬರಲು ಕೆಲವು ವಾರ ಹಿಡಿಯುತ್ತದೆ. ಗಿರಾಕಿಗಳು ಮೊದಲು ವಾರಕ್ಕೆ 4 ಪೆಟ್ಟಿಗೆ ಕೇಳುತ್ತಿದ್ದವರು ಐದನೆಯ ವಾರದಿಂದ 8 ಕೇಳುತ್ತಾರೆ. ಆಮೇಲೆ ಕೊನೆಯವರೆಗೂ ಎಂಟೇ. ಅಷ್ಟಕ್ಕೇ ಅಂಗಡಿಯವನು ಗಾಬರಿಯಾಗಿ ಹೆಚ್ಚು ಕೇಳುತ್ತಾನೆ, ಸಗಟಿನವನು ಇನ್ನೂ ಹೆಚ್ಚು. ಕಾರ್ಖಾನೆ ತಲಪುವ ಹೊತ್ತಿಗೆ ಆರ್ಡರು ಮೂವತ್ತನ್ನು ಮೀರುವುದುಂಟು. ಕೊನೆಗೆ ಎಲ್ಲರ ಕೋಣೆಯೂ ತುಂಬಿ, ಯಾರಿಗೂ ಬೇಡವಾದ ಮಾಲು. 1990ರ ದಶಕದಲ್ಲಿ ಇದಕ್ಕೆ ಬಾರುಕೋಲಿನ ಪರಿಣಾಮವೆಂಬ ಹೆಸರು ನೆಲೆಗೊಂಡಿತು. ಹಿಡಿಯ ಹತ್ತಿರ ಕೈ ಅಲುಗಿದರೆ ತುದಿ ಎಷ್ಟು ದೂರ ಬೀಸುತ್ತದೆಂದು ಎತ್ತು ಹೊಡೆದವರಿಗೆ ಹೇಳಬೇಕಿಲ್ಲ.

‘ಸಪ್ಲೈ ಚೈನ್’ ಎಂಬ ಮಾತು ಆಡಳಿತಶಾಸ್ತ್ರದಲ್ಲಿ ಪ್ರಚಾರಕ್ಕೆ ಬಂದದ್ದು 1982ರಲ್ಲಿ, ಕೀತ್ ಆಲಿವರ್ ಎಂಬ ಸಲಹೆಗಾರರಿಂದ. ನಮ್ಮಲ್ಲಿ ಮುಂಬಯಿಯ ವಿಹಾರ್ ಕೆರೆಯ ಬಳಿ 1963ರಲ್ಲಿ ಕೈಗಾರಿಕಾ ಇಂಜಿನಿಯರಿಂಗಿಗೆಂದೇ ಸ್ಥಾಪನೆಯಾದ ನೀಟಿ ಸಂಸ್ಥೆ (2023ರಿಂದ ಐ.ಐ.ಎಂ. ಮುಂಬಯಿ) ಬಹುಕಾಲ ಇಂಥ ವಿದ್ಯೆಗಳ ತವರಾಗಿತ್ತು. ಆದರೆ ಅದು ಪದವಿ ಮುಗಿಸಿದವರಿಗೆ, ಉದ್ಯೋಗದಲ್ಲಿ ಇರುವವರಿಗೆ. ಇಪ್ಪತ್ತು ವರ್ಷದ ಹುಡುಗರಿಗೂ ಇದು ಬೇಕೇ ಎಂದು ಕೇಳುವವರಿಗೆ ನಾವು 2021ರ ಏಪ್ರಿಲನ್ನು ನೆನಪಿಸುತ್ತೇವೆ. ಆಸ್ಪತ್ರೆಗಳಲ್ಲಿ ಉಸಿರಿಗೆ ಆಮ್ಲಜನಕವಿಲ್ಲ. ದೂರದ ಉಕ್ಕಿನ ಕಾರ್ಖಾನೆಗಳಲ್ಲಿ ಇದೆ. ತರುವ ಟ್ಯಾಂಕರುಗಳು ಸಾಲದು. 19ರಂದು ನವಿ ಮುಂಬಯಿಯ ಕಳಂಬೋಲಿಯಿಂದ ಏಳು ಖಾಲಿ ಟ್ಯಾಂಕರುಗಳನ್ನು ಹೊತ್ತ ರೈಲು ವಿಶಾಖಪಟ್ಟಣಕ್ಕೆ ಹೊರಟಿತು. ಘಟ್ಟದ ಸುರಂಗಗಳಲ್ಲಿ ಟ್ಯಾಂಕರು ಹಿಡಿಸುವುದಿಲ್ಲವೆಂದು ವಸಾಯಿ, ಸೂರತ್, ಭುಸಾವಳದ ಸುತ್ತುದಾರಿ ಹಿಡಿಯಬೇಕಾಯಿತು. ವ್ಯಾಗನ್ನಿನ ಮೇಲೆ ನಿಲ್ಲಿಸಲು 3,320 ಮಿಲಿಮೀಟರ್ ಎತ್ತರದ ಟ್ಯಾಂಕರನ್ನೇ ಆರಿಸಬೇಕಾಯಿತು. ತುಂಬಿಕೊಂಡು ಮರಳಿ ನಾಗಪುರ ಮುಟ್ಟಿದ್ದು 23ಕ್ಕೆ, ನಾಸಿಕ 24ಕ್ಕೆ. ಬೆಂಗಳೂರಿಗೆ ಅಂಥ ಮೊದಲ ರೈಲು ಬಂದದ್ದು ಮೇ 11ರಂದು.

ಮೇಲೆ ಹೇಳಿದ ಹಿರಿಯರ ಮಗಳ ತರಗತಿಯಲ್ಲಿ ಮೊದಲ ವಾರವೇ ಆ ಆಟ ಆಡಿಸಿದರಂತೆ. ಅವಳು ಸಗಟು ವ್ಯಾಪಾರಿ. ಚಿಲ್ಲರೆ ಅಂಗಡಿಯ ಹುಡುಗ ಹುಚ್ಚಾಪಟ್ಟೆ ಆರ್ಡರು ಕಳಿಸಿ ತನ್ನನ್ನು ಮುಳುಗಿಸಿದ ಎಂದು ಮನೆಗೆ ಬಂದು ಸಿಡುಕಿದಳು. ಅವನೋ, ಇವಳು ಮಾಲನ್ನೇ ಕಳಿಸಲಿಲ್ಲ ಎಂದು ದೂರಿದ್ದನಂತೆ. ಗಿರಾಕಿಯ ಬೇಡಿಕೆ ಬದಲಾದದ್ದು ಒಂದೇ ಒಂದು ಸಲ ಎಂದು ಮಾಸ್ತರರು ಕೊನೆಗೆ ಬೋರ್ಡಿನ ಮೇಲೆ ಬರೆದು ತೋರಿಸಿದರಂತೆ. ಇದನ್ನೆಲ್ಲ ನಮಗೆ ವರದಿ ಮಾಡಿದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ರಾಯರೆ, ಗೋಡೌನು ತುಂಬಿದ್ದು ಯಾರ ತಪ್ಪಿನಿಂದ?” ಎಂದರು.